ನಲವತ್ತೆರಡು ಒಲೆ

ಮಾಹಿಮ ಕೋಟೆಯ ಮೇಜಿನ ಮೇಲೆ ಆ ಕಾಗದ
ಇನ್ನೂ ಬೊಂಬಿಲ್ ಮೀನು ನಾರುತ್ತಿತ್ತು.
ಖಾಡಿ ದಾಟಿ ಬಾಂದ್ರೆಗೆ ಹೊರಟಿದ್ದ ಪಾಸ್ಕಲೀನಳ
ಬುಟ್ಟಿಯ ತಳದಲ್ಲಿ, ಬಾಳೆಲೆಯಡಿ ಸಿಕ್ಕಿದ್ದು.
ಬುಟ್ಟಿ ಕವುಚಿದ ಸಿಪಾಯಿ
ಎರಡು ಮಾಂಜಿ ತನಗಿರಲೆಂದು ಎತ್ತಿಟ್ಟುಕೊಂಡಿದ್ದ.
ಅದರ ವಿಚಾರಣೆ ಇರಲಿಲ್ಲ.

ನಾನು ಲಿಂಗ್ವಾ. ಎಂದರೆ ನಾಲಿಗೆ.
ಕಂಪನಿಯ ಲೆಕ್ಕದಲ್ಲಿ ನನ್ನ ಹುದ್ದೆಯ ಹೆಸರೇ ಅದು,
ತಿಂಗಳಿಗೆ ಎಂಟು ರೂಪಾಯಿ, ಅಕ್ಕಿ ಬೇರೆ.
ಕಾರವಾರದ ವಖಾರಿಯಲ್ಲಿ ಮೆಣಸು ತೂಗುತ್ತ
ಇಂಗ್ಲಿಷು ಕಲಿತೆ. ಪರಂಗಿ ಮಾತು ಮನೆಯಲ್ಲೇ ಇತ್ತು:
ಚಾವಿ, ಸಾಬೂನು, ಜನೇಲ.
ಓಡಿಬಂದ ನಮ್ಮವರು
ಓಡಿಸಿದವರ ಮಾತನ್ನೂ ಗಂಟಿನಲ್ಲಿ ಕಟ್ಟಿ ತಂದಿದ್ದರು.

ಓದು, ಅಂದ ಕಪ್ತಾನ ತ್ವೈಟ್.
ಓದಿದೆ.
'ಮಾಹಿಮ: ನಲವತ್ತೆರಡು ಫೋಗು.
ಪರೇಲ: ಹತ್ತೊಂಬತ್ತು. ಶೀವ: ಏಳು.
ಹಬ್ಬದೊಳಗೆ ಎಲ್ಲ ಸಿದ್ಧ.'
ಫೋಗು ಅಂದರೆ?

ಬೆಂಕಿ, ಅಂದೆ.

ಅಂದಮೇಲೆ ಹೇಳಿದೆ: ಬೆಂಕಿ ಅಂದರೆ ಒಲೆ, ದೊರೆ,
ಒಲೆ ಅಂದರೆ ಮನೆ, ನಮ್ಮ ಕಡೆ ಒಕ್ಕಲು ಅಂತಾರಲ್ಲ, ಹಾಗೆ.
ಪಾದ್ರಿ ತನ್ನ ಮಂದೆ ಎಣಿಸಿದ್ದಾನೆ, ಅಷ್ಟೇ.
ಎರಡು ಮಾತಿನ ನಡುವೆ ಒಂದು ಉಸಿರಿನಷ್ಟು ತೆರಪು.
ಆ ತೆರಪಿನೊಳಗೆ ಲಂಡನ್ ಪಟ್ಟಣ ಇಡೀ ಹೊಕ್ಕಿತು:
ಕಪ್ತಾನನ ಅಜ್ಜನ ಮೇಣದಂಗಡಿ,
ನಾಲ್ಕು ದಿನ ಉರಿದ ಊರು,
ಹಚ್ಚಿದವರು ಪೋಪನ ಕಡೆಯವರೇ ಎಂದು
ಅಜ್ಜ ಮಗನಿಗೆ ಹೇಳಿ, ಮಗ ಇವನಿಗೆ ಹೇಳಿ,
ಹೊಲಗದ್ದೆ ಬರೆದುಕೊಟ್ಟ ಹಾಗೆ.

ತಾರೀಕು ನೋಡು, ಅಂದ. ಆಗಸ್ಟ್ ನಾಲ್ಕು.
ಇವತ್ತು ಜುಲೈ ಇಪ್ಪತ್ನಾಲ್ಕು.
ಬಾರದ ದಿನದ ಕಾಗದ ಯಾರು ಬರೆಯುತ್ತಾರೆ?
ಪೋಪನ ಪಂಚಾಂಗ ಹನ್ನೊಂದು ದಿನ ಮುಂದೆಂದು
ಅವನಿಗೆ ಗೊತ್ತಿಲ್ಲದ್ದೇನಲ್ಲ.
ನನ್ನ ಪಂಚಾಂಗದಲ್ಲಿ ಅಂದು ಶ್ರಾವಣ ಬಹುಳ ಬಿದಿಗೆ.
ಅದನ್ನು ಯಾರೂ ಕೇಳಲಿಲ್ಲ.

ರಾತ್ರಿ ಕೇಳಿಕೊಂಡೆ: ಮೊದಲು ಒಲೆ ಅನ್ನಬಹುದಿತ್ತಲ್ಲ?
ಮುತ್ತಜ್ಜಿ ಸಾಷ್ಟಿಯಿಂದ ದೇವಿಯನ್ನು ಹೊತ್ತು ತಂದದ್ದು
ಇಂಥದೇ ಬುಟ್ಟಿಯಲ್ಲಿ, ಒಣಮೀನಿನ ಕೆಳಗೆ.
ಮಡಿಯ ಹೆಂಗಸು, ಹೊಳೆ ದಾಟುವವರೆಗೆ
ಮೂಗು ಮುಚ್ಚಲಿಲ್ಲವಂತೆ.
ಅವಳ ಕಡೆಯಿಂದ ನನ್ನ ಪಾಲಿಗೂ ಒಂದು ಹೊಲ
ಬಂದಿತ್ತೋ ಏನೋ.

ಪಾದ್ರಿ ಆನ್ಸೆಲ್ಮು ಮುದುಕ. ಕಾಲು ಬಾತಿತ್ತು.
ಇಗರ್ಜಿಯ ಚಾವಿ ಕೇಳಿದರೆ ಕೊಟ್ಟ,
ಬೀಗ ಮಳೆಗೆ ಹಿಡಿಯುತ್ತದೆ, ಸ್ವಲ್ಪ ಎತ್ತಿ ತಿರುಗಿಸಿ, ಅಂದ.
ಅದನ್ನೂ ಇಂಗ್ಲಿಷಿಗೆ ಹಾಕಿದೆ,
ಒಂದಕ್ಷರ ಬಿಡದೆ.
ಸಂಜೆಯ ಇಳಿತಕ್ಕೆ ದೋಣಿ ಹತ್ತಿಸಿದರು.

ಆ ರಾತ್ರಿ ಮಾಹಿಮದಲ್ಲಿ ಒಂದು ಒಲೆಯೂ ಹೊತ್ತಲಿಲ್ಲ.
ಹೊಗೆ ಕಂಡರೆ ಎಲ್ಲಿ ಸಾಕ್ಷಿಯಾದೀತೋ ಎಂದು
ನಲವತ್ತೆರಡು ಮನೆಯವರು ತಂಗಳು ಉಂಡು,
ಮಕ್ಕಳ ಬಾಯಿಗೆ ಬೆಲ್ಲ ಇಟ್ಟು ಮಲಗಿದರು.
ಗೋಡೆಯ ಮೇಲೆ ನಿಂತ ಕಪ್ತಾನ
ಕತ್ತಲೆಗೆ ಕೈ ತೋರಿಸಿದ:
ನೋಡು, ಸುದ್ದಿ ಮುಟ್ಟಿದೆ ಎಲ್ಲರಿಗೂ.

ಹನ್ನೊಂದು ದಿನ ಕಾದೆವು.
ಆಗಸ್ಟ್ ನಾಲ್ಕು ಬಂತು, ಮಳೆ ಬಂತು,
ಪಾಸ್ಕಲೀನ್ ಬಂದಳು, ಕಾವಲಿನವನು ಕೈ ಎತ್ತುವ ಮೊದಲೇ
ತಾನಾಗಿ ಬುಟ್ಟಿ ಕವುಚಿ ನಿಂತಳು.
ಮತ್ತೇನೂ ಆಗಲಿಲ್ಲ.
'ಸಕಾಲದಲ್ಲಿ ತಡೆದೆವು' ಎಂದು ಕಪ್ತಾನ ಬರೆಸಿದ,
ಒಂದು ಪ್ರತಿ ಪರಂಗಿಯಲ್ಲೂ ಬೇಕೆಂದ.
ಬರೆದುಕೊಟ್ಟೆ. ಅಕ್ಷರ ಚೆನ್ನಾಗಿ ಬಿತ್ತು.

ಬಿಡಾರಕ್ಕೆ ಬಂದು ಅಂದು ಒಲೆ ಹಚ್ಚಿದೆ.
ಕಟ್ಟಿಗೆ ಹಸಿ, ಊದಿ ಊದಿ ಕಣ್ಣು ಕೆಂಪಾಯಿತು.
ಹಸಿವಿಗೆ ತಡೆಯದೆ ಗಂಜಿ ಬಾಯಿಗೆ ಸುರಿದುಕೊಂಡೆ,
ನಾಲಿಗೆ ಸುಟ್ಟಿತು.
ನಾಲ್ಕು ದಿನ
ಉಪ್ಪು ಯಾವುದು, ಹುಳಿ ಯಾವುದು
ತಿಳಿಯಲಿಲ್ಲ.
ಕೆಲಸ ಮಾತ್ರ ನಡೆಯಿತು.